ಮುಳುಗಡೆ ಊರಿನ 41 ಕ್ಯಾಸೆಟ್: ಅಜ್ಜನ ಟ್ರಂಕಿನಿಂದ ಹಾರ್ಡ್‌ಡಿಸ್ಕಿಗೆ

ಇವತ್ತಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಟ್ರಂಕಿನಲ್ಲಿ ಇದ್ದದ್ದು 41 ಕ್ಯಾಸೆಟ್. 36 ಪೂರ್ತಿಯಾಗಿ ಕಂಪ್ಯೂಟರಿಗೆ ಬಂದಿವೆ. ನಾಲ್ಕರ ಮೇಲೆ ಯಾರೋ ಸಿನಿಮಾ ಹಾಡು ತುಂಬಿಸಿದ್ದಾರೆ, ಮೊದಲಿದ್ದದ್ದು ಹೋಯಿತು. ಒಂದು, 23ನೇ ನಂಬರಿನದು, ಬೂಷ್ಟು ಹಿಡಿದು ರೀಲಿಗೆ ರೀಲು ಅಂಟಿಕೊಂಡು ಕೂತಿದೆ. ಜೊತೆಗೆ ಒಂದು ಸ್ಪೂಲ್ ಟೇಪು (ಬಿಡಿ ಚಕ್ರಕ್ಕೆ ಸುತ್ತಿದ್ದು), ಒಂದು ಗ್ರಾಮೊಫೋನ್ ಪ್ಲೇಟು.

ಅಜ್ಜ ಶ್ರೀಕೃಷ್ಣ ಪಾರಿಜಾತ ಬಯಲಾಟದ (ಕೃಷ್ಣ, ರುಕ್ಮಿಣಿ, ದೂತಿ ಅದರ ಪಾತ್ರಗಳು) ಮೇಳದಲ್ಲಿ ಪೇಟಿ ಮಾಸ್ತರ, ಪೇಟಿ ಅಂದರೆ ಹಾರ್ಮೋನಿಯಂ. ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ನಮ್ಮೂರು ಈಗ ಹಿನ್ನೀರಿನಲ್ಲಿದೆ. ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಆಟ ನಡೆಯುತ್ತಿದ್ದ ಗುಡಿಕಟ್ಟೆಯ ಮೇಲೆ ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಇಳಿದಾಗ ಕಲ್ಲು ಕಾಣುತ್ತವೆ. ಅಜ್ಜ ಟೇಪ್‌ರೆಕಾರ್ಡರನ್ನು ಪೇಟಿಯ ಪಕ್ಕದಲ್ಲೇ ಇಟ್ಟುಕೊಂಡು 1984ರಿಂದ 1996ರವರೆಗೆ ಮೇಳದ ಆಟ ತುಂಬಿಸಿದ್ದ. ಕೈ ಪೇಟಿಯ ಮೇಲಿರುತ್ತಿದ್ದುದರಿಂದ ಕ್ಯಾಸೆಟ್ಟಿನ ಬಾಜು ತಿರುಗಿಸಿ ಹಾಕುವ ಕೆಲಸ ನಮ್ಮ ಕಾಕಾನದು. ಕಾಕಾಗೆ ನಿದ್ದೆ ಹತ್ತಿದಲ್ಲೆಲ್ಲ ಆಟ ಅರ್ಧಕ್ಕೇ ನಿಂತಿದೆ.

ನನ್ನದು ಬಾಗಲಕೋಟೆ ನವನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಸಣ್ಣ ಸ್ಕ್ರೂಡ್ರೈವರು, ಚಿಮುಟ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಬಾಟಲಿ, ಭೂತಗನ್ನಡಿ ಕೈಯಲ್ಲಿದ್ದವು. ಟೇಪಿನ ಕೆಲಸ ಮಾತ್ರ ಹೊಸದು. ರವಿವಾರ ಅಂಗಡಿ ಮುಚ್ಚಿದ ಮೇಲೆ ಮಾಡಿದ್ದು ಇದು.

1. ಟ್ರಂಕು ಬಿಚ್ಚಿದ್ದು (ಜನವರಿ 5, 2025)

ಊರು ಬಿಡುವಾಗ ಟ್ರಂಕು ಟ್ರ್ಯಾಕ್ಟರಿನಲ್ಲಿ ಮಳೆಯಲ್ಲೇ ಬಂದಿತ್ತಂತೆ. ಆಮೇಲೆ ಒಂದು ವರ್ಷ ತಗಡಿನ ಶೆಡ್ಡಿನಲ್ಲಿ, ಮುಂದೆ ಅಟ್ಟದ ಮೇಲೆ. ನಮ್ಮ ಬೇಸಿಗೆ 41 ಡಿಗ್ರಿ ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಹೆಚ್ಚು. ಮುಚ್ಚಳ ತೆಗೆದ ಕೂಡಲೇ ಬೂಷ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಎನ್95 ಮಾಸ್ಕ್ ಹಾಕಿಕೊಂಡು ಎಲ್ಲವನ್ನೂ ಅಂಗಳಕ್ಕೆ ತಂದೆ. ಬಿಸಿಲಿಗಲ್ಲ, ನೆರಳಿಗೆ.

ಮಾಡಿದ್ದು ಮೂರೇ ಕೆಲಸ. ಪ್ರತಿ ಕ್ಯಾಸೆಟ್ಟಿಗೂ ನಂಬರು ಬರೆದೆ, ಪೆನ್ಸಿಲಿನಲ್ಲಿ, ಡಬ್ಬಿಗೂ ಕ್ಯಾಸೆಟ್ಟಿಗೂ ಒಂದೇ ನಂಬರು. ಎರಡೂ ಬಾಜು ಫೋಟೊ ತೆಗೆದೆ, ಯಾಕೆಂದರೆ ಅಜ್ಜನ ಶಾಯಿ ಮುಟ್ಟಿದರೆ ಅಳಿಸುವಂತಿತ್ತು. ಒಂದರ ಮೇಲೆ ಹೀಗಿದೆ: "ಗುಡಿ ಮುಂದ, ಹುಣ್ಣಿಮಿ. ದೂತಿ ಚಲೋ. ತಬಲಾ ತಪ್ಪೇತಿ." ಮೂರನೆಯದು, ಬೆನ್ನಿನ ಎರಡು ಪ್ಲಾಸ್ಟಿಕ್ ಕಿವಿ ಮುರಿದೆ. ಕಿವಿ ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಕೆಳಗಿಳಿಯುವುದಿಲ್ಲ. ಸಿನಿಮಾ ಹಾಡು ತುಂಬಿದ ನಾಲ್ಕೂ ಕ್ಯಾಸೆಟ್ಟಿಗೆ ಕಿವಿ ಹಾಗೇ ಇದ್ದವು. ಯಾರ ಮನೆಯಲ್ಲಾದರೂ ಹಳೆ ಕ್ಯಾಸೆಟ್ ಇದ್ದರೆ ಬೇರೇನೂ ಮಾಡಲಾಗದಿದ್ದರೂ ಇವತ್ತೇ ಆ ಕಿವಿ ಮುರಿದಿಡಿ.

2. ಟೂ-ಇನ್-ಒನ್ನಿನಲ್ಲಿ ಹಾಕಿದ್ದು (ಜನವರಿ 12)

ಇದು ಮಾಡಬಾರದಿತ್ತು. ರೇಡಿಯೊ, ಟೇಪು ಎರಡೂ ಇರುವ ಮನೆಯ ಹಳೆ ಟೂ-ಇನ್-ಒನ್ನಿಗೆ ಕರೆಂಟು ಕೊಟ್ಟರೆ ತಿರುಗಿತು. ತಿರುಗಿತಲ್ಲ ಎಂದು 3ನೇ ಕ್ಯಾಸೆಟ್ ಹಾಕಿದೆ. ನಾಲ್ಕು ನಿಮಿಷ ಚೆನ್ನಾಗಿ ಹಾಡಿ, ದನಿ ಕುಗ್ಗಿ, ಕಿಚಕಿಚ ಅಂದಿತು. ತೆಗೆದು ನೋಡಿದರೆ ರೀಲು ರಬ್ಬರ್ ರೋಲರಿಗೆ ಸುತ್ತಿಕೊಂಡಿತ್ತು. ವರ್ಷಗಟ್ಟಲೆ ಬಿದ್ದ ರಬ್ಬರು ಗಾಜಿನಂತೆ ಗಟ್ಟಿಯಾಗಿ, ಮೇಲೆ ಕಂದು ಪುಡಿ ಅಂಟಿಕೊಂಡಿತ್ತು. ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಸುಮಾರು 40 ಸೆಂಟಿಮೀಟರ್ ರೀಲು ಮುದುಡಿತು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ಅಂದರೆ ಎಂಟು ಸೆಕೆಂಡಿಗೂ ಹೆಚ್ಚಿನ ಹಾಡು. ಬೆರಳಿನಿಂದ ಸವರಿ ಚಪ್ಪಟೆ ಮಾಡಿದ್ದೇನೆ, ಆದರೂ ಅಲ್ಲಿ ರುಕ್ಮಿಣಿಯ ಪದದ ಒಂದು ಸಾಲು ನೀರೊಳಗಿಂದ ಕೇಳಿದಂತೆ ಕೇಳುತ್ತದೆ. ಮೊದಲು ಕೆಲಸಕ್ಕೆ ಬಾರದ ಕ್ಯಾಸೆಟ್ಟೊಂದನ್ನು ಹಾಕಿ ಒಂದು ಗಂಟೆ ಓಡಿಸಿ ನೋಡಿದ್ದರೆ ಆ ಸಾಲು ಉಳಿಯುತ್ತಿತ್ತು.

3. ಡೆಕ್ ರಿಪೇರಿ (ಫೆಬ್ರುವರಿ 2ರಿಂದ 16)

ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ಕ್ಯಾಸೆಟ್ ಡೆಕ್ ತಂದೆ, 7,500 ರೂಪಾಯಿ. ಬೆಲ್ಟ್ ಎರಡೂ ಡಾಂಬರಿನಂತೆ ಕರಗಿ ಅಂಟಿಕೊಂಡಿದ್ದವು. ಕಡ್ಡಿಗೆ ಹತ್ತಿ ಸುತ್ತಿ ಐಪಿಎ ಹಚ್ಚಿ ತೆಗೆದೆ. ಹೊಸ ಬೆಲ್ಟ್ ಮತ್ತು ರಬ್ಬರ್ ರೋಲರ್ ಸೇರಿ 950. ರೀಲನ್ನು ಓದುವ ಹೆಡ್ಡು, ಅದನ್ನು ಎಳೆಯುವ ಲೋಹದ ಕಡ್ಡಿ ಕ್ಯಾಪ್ಸ್ಟನ್ ಎರಡನ್ನೂ ಐಪಿಎಯಲ್ಲಿ ಒರೆಸಿದೆ, ರಬ್ಬರಿಗೆ ಮಾತ್ರ ಸೋಪಿನ ನೀರು.

ವೇಗ ನೋಡಲು 3,150 ಹರ್ಟ್ಸ್ ಸದ್ದು ತುಂಬಿದ ಟೆಸ್ಟ್ ಕ್ಯಾಸೆಟ್ಟಿಗೆ 1,800 ಕೊಡುವಾಗ ಮನಸ್ಸು ಹಿಂದೆಮುಂದೆ ನೋಡಿತು. ಹಾಕಿ ನೋಡಿದರೆ 3,204 ತೋರಿಸಿತು. ಡೆಕ್ ನೂರಕ್ಕೆ 1.7ರಷ್ಟು ಜೋರಾಗಿ ಓಡುತ್ತಿತ್ತು. ಮೋಟರಿನ ಹಿಂದಿನ ತೂತಿನಲ್ಲಿ ಸಣ್ಣ ಸ್ಕ್ರೂಡ್ರೈವರು ಹಾಕಿ ಕೂದಲೆಳೆಯಷ್ಟು ತಿರುಗಿಸಿ 3,150ಕ್ಕೆ ತಂದೆ. ಅರ್ಧ ಗಂಟೆ ಬಿಸಿಯಾದ ಮೇಲೆ ಮತ್ತೆ ನೋಡಬೇಕು, ತಣ್ಣಗಿದ್ದಾಗಿನ ಲೆಕ್ಕ ನಿಲ್ಲುವುದಿಲ್ಲ.

4. ಗೂಡು ಬದಲಿಸಿದ್ದು

ಹೆಡ್ಡಿಗೆ ರೀಲನ್ನು ಒತ್ತಿ ಹಿಡಿಯುವ ಉಣ್ಣೆಯ ತುಂಡು ಬಹಳ ಕ್ಯಾಸೆಟ್ಟಿನಲ್ಲಿ ಉದುರಿತ್ತು. ಅದಿಲ್ಲದಿದ್ದರೆ ದನಿ ಬಂದು ಬಂದು ಹೋಗುತ್ತದೆ. ಸ್ಕ್ರೂ ಇರುವ ಹಳೆ ಭಜನೆ ಕ್ಯಾಸೆಟ್ 15 ತಂದೆ, ಒಂದಕ್ಕೆ 30 ರೂಪಾಯಿ. ಅವುಗಳ ಪ್ಲಾಸ್ಟಿಕ್ ಗೂಡಿಗೆ ಅಜ್ಜನ ರೀಲು ವರ್ಗ ಮಾಡಿದೆ. ಒಂಬತ್ತಕ್ಕೆ ಸ್ಕ್ರೂ ಇರಲಿಲ್ಲ, ಎರಡು ಹೋಳು ಕೂಡಿಸಿ ಬೆಸೆದಿದ್ದರು. ಬ್ಲೇಡನ್ನು ಸಂದಿಗೆ ಇಟ್ಟು, ರೀಲಿಲ್ಲದ ಮೂಲೆಯಿಂದ ಶುರು ಮಾಡಿ ಸುತ್ತ ಸೀಳಬೇಕು. ಬಿಚ್ಚುವಾಗ ಕ್ಯಾಸೆಟ್ ಮೇಜಿನ ಮೇಲೆ ಮಲಗಿರಲಿ. ನಾನು ಒಮ್ಮೆ ಕೈಯಲ್ಲಿ ಹಿಡಿದು ಬಿಚ್ಚಿ, ಸಿ-90ಯ (90 ನಿಮಿಷದ ಕ್ಯಾಸೆಟ್ಟಿನ) ನೂರಾಮೂವತ್ತೈದು ಮೀಟರ್ ರೀಲಿನ ಒಂದು ಭಾಗ ನೆಲಕ್ಕೆ ಸುರಿಯಿತು. ರಾತ್ರಿ ಒಂದೂವರೆಯವರೆಗೆ ಅವ್ವ ಟಾರ್ಚ್ ಹಿಡಿದಳು, ನಾನು ಸುತ್ತಿದೆ.

ಹರಿದ ಕಡೆ ಸ್ಟೇಶನರಿ ಅಂಗಡಿಯ ಅಂಟುಪಟ್ಟಿ ಬೇಡ, ಅದರ ಅಂಟು ಇಳಿದು ಪಕ್ಕದ ಸುತ್ತಿಗೂ ಹತ್ತುತ್ತದೆ. ಟೇಪಿಗೆಂದೇ ಬರುವ ಸ್ಪ್ಲೈಸಿಂಗ್ ಪಟ್ಟಿ 600 ರೂಪಾಯಿಗೆ ತರಿಸಿದೆ. ಅದನ್ನು ಹೆಡ್ಡಿಗೆ ತಾಗದ ಬೆನ್ನಿನ ಕಡೆ ಹಚ್ಚಬೇಕು.

5. ಹೆಡ್ಡಿನ ತಿರುಪು (ಮಾರ್ಚ್ 2)

ಮೊದಲ ನಾಲ್ಕು ಕ್ಯಾಸೆಟ್ ತುಂಬಿ ಮುಗಿಸಿದ ಮೇಲೆ ಗೊತ್ತಾದ ತಪ್ಪು. ಎಲ್ಲದರಲ್ಲೂ ಕಂಬಳಿ ಹೊದ್ದು ಹಾಡಿದಂಥ ದನಿ. ಹಳೆ ರೀಲು, ಇಷ್ಟೇ ಇರಬೇಕು ಅಂದುಕೊಂಡಿದ್ದೆ. ಅಲ್ಲ. ತುಂಬಿದ ಯಂತ್ರದ ಹೆಡ್ಡು ಯಾವ ಕೋನದಲ್ಲಿತ್ತೋ ಓದುವ ಹೆಡ್ಡೂ ಅದೇ ಕೋನದಲ್ಲಿರಬೇಕು. ಅಜ್ಜ ಹನ್ನೆರಡು ವರ್ಷದಲ್ಲಿ ಮೂರು ಯಂತ್ರ ಬದಲಿಸಿದ್ದ.

ಹೆಡ್ಡಿನ ಎಡಕ್ಕೆ ಸ್ಪ್ರಿಂಗ್ ಇರುವ ಸಣ್ಣ ತಿರುಪಿದೆ. ಮೊದಲಿದ್ದ ಜಾಗಕ್ಕೆ ಮಾರ್ಕರಿನಿಂದ ಗೆರೆ ಹಾಕಿ, ಎಡಬಲ ಎರಡನ್ನೂ ಕೂಡಿಸಿ ಮೋನೊ ಮಾಡಿ ಹೆಡ್‌ಫೋನಿನಲ್ಲಿ ಕೇಳುತ್ತ, ತಾಳ ಬಡಿಯುವ ಜಾಗ ಹುಡುಕಿ ತಿರುಗಿಸಿದೆ. ಕಾಲು ಸುತ್ತೂ ಬೇಕಾಗಲಿಲ್ಲ. ಒಮ್ಮೆಲೇ ತಾಳದ 'ಛಣ್' ಎದ್ದು ಬಂತು. ಅದರ ಹಿಂದೆ ದೂತಿಯ ಗೆಜ್ಜೆ, ಅಲ್ಲಿಯವರೆಗೆ ಗೆಜ್ಜೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ನಾಲ್ಕನ್ನೂ ಮತ್ತೆ ತುಂಬಿದೆ. ಆಮೇಲೆ ಪ್ರತಿ ಕ್ಯಾಸೆಟ್ಟಿಗೂ, ಪ್ರತಿ ಬಾಜುವಿಗೂ ಇದನ್ನೇ ಮೊದಲು ಮಾಡಿದ್ದೇನೆ.

6. ಗುಂಯ್ ಸದ್ದು, ಸೆಟ್ಟಿಂಗು

ಡೆಕ್ಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಸೆಕೆಂಡ್ ಹ್ಯಾಂಡ್ ಆಡಿಯೊ ಇಂಟರ್‌ಫೇಸ್ 8,000. ಸಾಫ್ಟ್‌ವೇರ್ ಆಡಾಸಿಟಿ, ಅದಕ್ಕೆ ದುಡ್ಡು ಬೇಕಿಲ್ಲ. ಧ್ವನಿ ಸಂಗ್ರಹಾಲಯಗಳು ನಡೆದುಕೊಳ್ಳುವ ಐಎಎಸ್‌ಎ ಮಾರ್ಗಸೂಚಿಯಂತೆ 96 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲು. ತಾಸಿಗೆ ಎರಡು ಜಿಬಿ ಚಿಲ್ಲರೆ ಆಗುತ್ತದೆ. ವಿಂಡೋಸ್‌ನಲ್ಲಿ ಆಡಾಸಿಟಿಯ ಆಡಿಯೊ ಹೋಸ್ಟ್ ಸೆಟ್ಟಿಂಗಿನಲ್ಲಿ ಎಂಎಂಇ (MME) ಬದಲು ವಾಸಾಪಿ (WASAPI) ಆಯ್ಕೆ ಮಾಡಿಕೊಳ್ಳಿ, ಇಲ್ಲದಿದ್ದರೆ ಫೈಲಿನ ಮೇಲೆ 24 ಎಂದಿದ್ದರೂ ಒಳಗೆ ಬರುವುದು 16 ಬಿಟ್.

ಗುಂಯ್ ಅನ್ನುವ ಸದ್ದಿಗೆ ಎರಡು ರವಿವಾರ ವೈರು ಬದಲಿಸುತ್ತ ಕೂತೆ. ಮೂರನೇ ರವಿವಾರ ಕರೆಂಟು ಹೋಗಿ ಬಂತು. ಡೆಕ್ಕನ್ನು ಮತ್ತೆ ಹಚ್ಚಿದೆ, ಲ್ಯಾಪ್‌ಟಾಪಿನ ಚಾರ್ಜರ್ ಹಚ್ಚುವುದು ಮರೆತಿತ್ತು. ಸದ್ದೇ ಇಲ್ಲ. ಮೂರು ಪಿನ್ನಿನ ಚಾರ್ಜರಿನ ಅರ್ತಿಂಗ್ ಡೆಕ್ಕಿನ ಜೊತೆ ಸುತ್ತು ಹಾಕಿಕೊಳ್ಳುತ್ತಿತ್ತು. ಅಂದಿನಿಂದ ತುಂಬುವಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ.

7. ಸುರ ಯಾವುದು? (ಮಾರ್ಚ್ 16ರಿಂದ ಏಪ್ರಿಲ್ 6)

ಡೆಕ್ಕಿನ ವೇಗ ಸರಿಯಾಗಿದೆ. ಆದರೆ ತುಂಬಿದ ಯಂತ್ರದ ವೇಗ ಸರಿಯಿತ್ತೆ? ಸೆಲ್ಲು ಇಳಿದಿದ್ದರೆ ಮೋಟರು ನಿಧಾನ ತಿರುಗಿರುತ್ತದೆ. ಅಂಥ ರೀಲನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಎಲ್ಲರ ದನಿಯೂ ಏರುತ್ತದೆ. 11ನೇ ಕ್ಯಾಸೆಟ್ಟಿನಲ್ಲಿ ಕೃಷ್ಣನ ದನಿ ಹುಡುಗನದಂತೆ ಕೇಳುತ್ತಿತ್ತು.

ಒಂದು ಉಪಾಯ ಓದಿದ್ದೆ. ಮೈಕು, ಆಂಪ್ಲಿಫೈಯರು ಇದ್ದ ಕಡೆ ಕರೆಂಟಿನ ಗುಂಗು ರೀಲಿನೊಳಗೂ ಕೂತಿರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾದರೆ ಆ ಗುಂಗನ್ನು 50ಕ್ಕೆ ತಂದರೆ ವೇಗ ಸರಿಯಾಗಬೇಕು. ಫೈಲಿನ ನಕಲೊಂದನ್ನು 8,000 ಹರ್ಟ್ಸ್ ಸ್ಯಾಂಪಲಿಗೆ ಇಳಿಸಿ ಸ್ಪೆಕ್ಟ್ರಮ್ ತೆಗೆದರೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. 11ರಲ್ಲಿ ಗುಂಗು 49.2ಕ್ಕೆ ಇತ್ತು. ಲೆಕ್ಕದ ಪ್ರಕಾರ ನೂರಕ್ಕೆ 1.6ರಷ್ಟು ವೇಗ ಹೆಚ್ಚಿಸಿದೆ. ಹೆಚ್ಚಿಸಿದ ಮೇಲೆ ಕೃಷ್ಣ ಇನ್ನೂ ಚಿಕ್ಕವನಾದ. ಆದರೂ ಅಂಕಿಯನ್ನು ನಂಬಿ ಅದೇ ರೀತಿ ಐದು ಕ್ಯಾಸೆಟ್ ತಿದ್ದಿಟ್ಟೆ. ಕಿವಿ ಬೇಡ ಅಂದದ್ದನ್ನು ಅಂಕಿ ಹೇಳಿತೆಂದು ಒಪ್ಪಿಕೊಂಡದ್ದು ದೊಡ್ಡ ತಪ್ಪು.

ದಾರಿ ತೋರಿಸಿದ್ದು ಪೇಟಿ. ಅಜ್ಜನ ಪೇಟಿ ಮುಧೋಳದಲ್ಲಿ ದೊಡ್ಡವ್ವನ ಮನೆಯಲ್ಲಿದೆ, ಅಜ್ಜ ಹೋದ ಮೇಲೆ ಯಾರೂ ಅದನ್ನು ಶ್ರುತಿಗೆ ಬಿಚ್ಚಿಲ್ಲ. ಹಿತ್ತಾಳೆ ರೀಡಿನ ಸುರ ಸೆಲ್ಲು ಇಳಿಯಿತೆಂದು ಬದಲಾಗುವುದಿಲ್ಲ. ಏಪ್ರಿಲ್ 6ಕ್ಕೆ ಬಸ್ಸು ಹತ್ತಿ ಹೋದೆ. ಗಾಳಿ ಒತ್ತುವ ಭಾತೆಯ ಒಂದು ಮಡಿಕೆ ಇಲಿ ಕಡಿದಿತ್ತು, ಅಲ್ಲಿ ದೊಡ್ಡವ್ವ ಅಂಗೈ ಒತ್ತಿ ಹಿಡಿದಳು, ನಾನು ಕರಿ ಒಂದನ್ನು (ಮೊದಲ ಕಪ್ಪು ಕೀ) ಒತ್ತಿ ಮೊಬೈಲಿನಲ್ಲಿ ತುಂಬಿಸಿಕೊಂಡೆ. 281 ಹರ್ಟ್ಸ್. ಅಜ್ಜ ಹೆಚ್ಚಾಗಿ ಕರಿ ಒಂದಕ್ಕೇ ಷಡ್ಜ (ಸ) ಹಿಡಿಯುತ್ತಿದ್ದ, 11ರ ಚೀಟಿಯ ಮೇಲೂ "ಕರಿ 1" ಎಂದೇ ಬರೆದಿದ್ದಾನೆ.

ಮೂಲ ಫೈಲಿನಲ್ಲಿ ಪೇಟಿಯ ಷಡ್ಜ 287. ಅಂದರೆ ರೀಲನ್ನು ನೂರಕ್ಕೆ 2.1ರಷ್ಟು ನಿಧಾನ ಮಾಡಬೇಕಿತ್ತು, ನಾನು ಜೋರು ಮಾಡಿದ್ದೆ. ನನ್ನ ತಿದ್ದುಪಡಿಯಿಂದ ಷಡ್ಜ 291 ದಾಟಿ, ಕರಿ ಒಂದಕ್ಕೂ ಬಿಳಿ ಎರಡಕ್ಕೂ (ಎರಡನೇ ಬಿಳಿ ಕೀ) ನಡುವೆ, ಅಜ್ಜನ ಪೇಟಿಯಲ್ಲಿ ಇಲ್ಲದ ಜಾಗಕ್ಕೆ ಹೋಗಿ ಕೂತಿತ್ತು. ಹಿಂದಕ್ಕೆ ಲೆಕ್ಕ ಹಾಕಿದರೆ ಆ ರಾತ್ರಿ ನಮ್ಮೂರಿನ ಕರೆಂಟು ಸುಮಾರು 48.2 ಹರ್ಟ್ಸ್. ಆಗೆಲ್ಲ ಲೋಡು ಹೆಚ್ಚಾದರೆ ಲೈನಿನ ಫ್ರೀಕ್ವೆನ್ಸಿ 50ರಿಂದ 48ರ ಆಸುಪಾಸಿಗೆ ಇಳಿಯುತ್ತಿತ್ತು. ಗುಂಗಿನ ಉಪಾಯ ಕರೆಂಟು ಗಟ್ಟಿಯಾಗಿ 50ಕ್ಕೆ ನಿಲ್ಲುವ ಕಡೆ ಸರಿ. 80-90ರ ದಶಕದ ನಮ್ಮ ಹಳ್ಳಿಯ ರೆಕಾರ್ಡಿಂಗಿಗೆ ಅದನ್ನು ನಂಬಬೇಡಿ.

ಐದೂ ಉಳಿದದ್ದು ಒಂದೇ ಕಾರಣಕ್ಕೆ, ಮೂಲ ಫೈಲನ್ನು ಮುಟ್ಟದೆ ನಕಲಿನ ಮೇಲೆ ತಿದ್ದಿದ್ದೆ. 281ಕ್ಕೆ ತಂದು ಕೇಳಿದಾಗ ಕೃಷ್ಣನಿಗೆ ಮೀಸೆ ಬಂದಿತ್ತು.

8. ಸದ್ದು ತೆಗೆದದ್ದು, ಮತ್ತೆ ಹಾಕಿದ್ದು (ಏಪ್ರಿಲ್ 20)

ರೀಲಿನ ಸುಯ್ ಸದ್ದು ಕಡಿಮೆ ಮಾಡಿ ಮನೆಯವರಿಗೆಲ್ಲ ಹಂಚಬೇಕೆಂಬ ಆಸೆ. ಆಡಾಸಿಟಿಯಲ್ಲಿ ಬರೀ ಸದ್ದಿರುವ ಜಾಗ ತೋರಿಸಿದರೆ ಅದೇ ಸದ್ದನ್ನು ಉದ್ದಕ್ಕೂ ಕಳೆಯುತ್ತದೆ. ಎರಡು ಪದಗಳ ನಡುವೆ ಯಾರೂ ಮಾತಾಡದ ನಾಲ್ಕು ಸೆಕೆಂಡ್ ತೋರಿಸಿದೆ. 24 ಡೆಸಿಬೆಲ್ ಕಳೆದೆ. ಹಿಂದೆ ಏನೂ ಇಲ್ಲ, ಬರೀ ಹಾಡು. ನನಗೆ ಬಹಳ ಖುಷಿಯಾಯಿತು.

ಸಂಬಂಧದಲ್ಲಿ ನನಗೆ ಮಾವ ಆಗಬೇಕಾದವರೊಬ್ಬರಿದ್ದಾರೆ, ಮೇಳದಲ್ಲಿ ದೂತಿಯ ಪಾತ್ರ ಮಾಡುತ್ತಿದ್ದವರು. ಈಗ 78 ವರ್ಷ. ಮುಳುಗಡೆಯವರ ಪುನರ್ವಸತಿ ಕೇಂದ್ರದ ಅವರ ಮನೆಯ ಪಡಸಾಲೆಯಲ್ಲಿ ಕೂತು ಸ್ಪೀಕರಿನಲ್ಲಿ ಹಚ್ಚಿದೆ. ಅವರು ಕಣ್ಣು ಮುಚ್ಚಿ ಐದು ನಿಮಿಷ ಕೇಳಿದರು. ತಮ್ಮದೇ ದನಿ ಬಂದಾಗ ಬೆರಳು ತಾಳ ಹಾಕಿತು, ಮತ್ತೆ ನಿಂತಿತು.

"ಇದು ಎಲ್ಲಿ ಆಡಿದ್ದೋ ತಮ್ಮಾ?"

"ನಮ್ಮೂರಾಗ ರೀ ಮಾವಾರ. ಗುಡಿ ಮುಂದ."

"ಅಲ್ಲ ಬಿಡು. ಹೊಳಿ ದಂಡಿ ಇಂಜಿನ್ನ ಎಲ್ಲೈತಿ?"

ಮೂಲ ಫೈಲು ಫೋನಿನಲ್ಲಿತ್ತು, ಹಚ್ಚಿದೆ. ಸುಯ್ ಸದ್ದಿನ ಅಡಿಯಲ್ಲಿ, ದೂರದಲ್ಲಿ, ಹೊಳೆಯಿಂದ ನೀರೆತ್ತುವ ಡೀಸೆಲ್ ಇಂಜಿನ್ನಿನ ಟುಕು ಟುಕು ಟುಕು. ನಾನು ಸದ್ದು ಎಂದು ತೋರಿಸಿದ ನಾಲ್ಕು ಸೆಕೆಂಡಿನಲ್ಲಿ ಇದ್ದದ್ದು ಅದು, ಕಪ್ಪೆಗಳು, ಮತ್ತು ಕಟ್ಟೆಯ ಕಲ್ಲಿಗೆ ಬಡಿದು ಬರುವ ಜನರ ಗುಜುಗುಜು. ಮಾವ ನೆಟ್ಟಗೆ ಕೂತರು.

"ಹಾಂ, ಇದು ನಮ್ಮೂರು. ಇಂಜಿನ್ನ ಬಂದ್ ಆತಂದ್ರ ಬೆಳಗಾತು ಅಂತ ತಿಳೀತಿದ್ವಿ ನಾವು."

ಮನೆಗೆ ಬಂದು ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದೆ. ಇಂಜಿನ್ನಷ್ಟೇ ಅಲ್ಲ. ಗೆಜ್ಜೆ ಪೂರಾ ಹೋಗಿತ್ತು. ತಾಳ ತಗಡು ಬಡಿದಂತಿತ್ತು. ನಡುವೆ ಆಯೇರಿ (ಮೇಳಕ್ಕೆ ಜನ ಕೊಡುವ ಕಾಣಿಕೆ) ಕೂಗುವವ "ಐದು ರೂಪಾಯಿ" ಅಂದ ಮೇಲೆ ಕೊಟ್ಟವರ ಹೆಸರು ದೂರದಿಂದ ಬರುತ್ತದೆ, ಆ ಹೆಸರುಗಳು ಗುಳುಗುಳು ಆಗಿದ್ದವು. ಆ ಕ್ಯಾಸೆಟ್ಟೊಂದರಲ್ಲೇ 19 ಹೆಸರಿವೆ. ಮುಳುಗಿದ ಊರಿನ ಮನೆಮನೆಯ ಹೆಸರು ಅವು, ಇವತ್ತು ಆ ಜನ ನಾಲ್ಕು ಕಡೆ ಚದುರಿದ್ದಾರೆ.

ಸದ್ದು ಕಳೆದ ಫೈಲುಗಳನ್ನೆಲ್ಲ ಅಳಿಸಿದೆ. ಈಗ ಮನೆಯವರಿಗೆ ಕೊಡುವ ನಕಲಿನಲ್ಲೂ ವೇಗ ಬಿಟ್ಟು ಬೇರೇನೂ ತಿದ್ದಿಲ್ಲ.

9. ಗ್ರಾಮೊಫೋನ್ ಪ್ಲೇಟು (ಮೇ 4)

ಒಂದೇ ಪ್ಲೇಟು, ನಿಮಿಷಕ್ಕೆ 78 ಸುತ್ತಿನದು, ಅಮೀರಬಾಯಿ ಕರ್ನಾಟಕಿಯವರ ದನಿ. ಅವರು ನಮ್ಮ ಬೀಳಗಿಯವರೇ ಎಂದು ಅಜ್ಜ ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ಅಂಗಡಿಯಲ್ಲಿ ಎಲ್ಲಕ್ಕೂ ಐಪಿಎ ಬಳಸುವ ಕೈ, ಇದಕ್ಕೂ ಹತ್ತಿಯಲ್ಲಿ ಹಚ್ಚಿ ಅಂಚಿನಿಂದ ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬರುತ್ತಿದೆ ಅಂದುಕೊಂಡು ಇನ್ನೊಮ್ಮೆ ಒರೆಸಿದೆ. ಬರುತ್ತಿದ್ದದ್ದು ಕೊಳೆಯಲ್ಲ, ಪ್ಲೇಟೇ. ಇವು ಅರಗಿನಿಂದ ಮಾಡಿದವು, ಆಲ್ಕೋಹಾಲಿಗೆ ಅರಗು ಕರಗುತ್ತದೆ. ಎರಡು ಬೆರಳಿನಗಲ ಹೊಳಪು ಹೋಗಿ ಬೂದಿಯಾಗಿದೆ. ಅಲ್ಲಿ ಸುತ್ತಿಗೊಮ್ಮೆ ಪಟ್ ಪಟ್ ಎನ್ನುತ್ತದೆ, ಹಾಡು ಶುರುವಾಗುವ ಮುಂಚಿನ ವಾದ್ಯದಲ್ಲಿ. ಅದನ್ನು ಸರಿಪಡಿಸಲು ಬರುವುದಿಲ್ಲ. ಅರಗಿನ ಪ್ಲೇಟಿಗೆ ಭಟ್ಟಿ ಇಳಿಸಿದ ನೀರು, ಎರಡು ಹನಿ ಸೌಮ್ಯ ಸೋಪು, ಮೆತ್ತನೆ ಬ್ರಷ್, ಅಷ್ಟೇ. ಚೀಟಿಗೆ ನೀರು ತಾಗಬಾರದು. ಗೆಳೆಯನ ಟರ್ನ್‌ಟೇಬಲ್ಲಿನಲ್ಲಿ 76 ಮೈಕ್ರಾನಿನ ಸೂಜಿ ಹಾಕಿ ತುಂಬಿದೆವು. ಎಲ್‌ಪಿಯ ಸೂಜಿ ಸಣ್ಣದು, 78ರ ಅಗಲ ಗೀರಿನ ತಳಕ್ಕೆ ಹೋಗಿ ಕೂತು ಬರೀ ಗರಗರ ಎತ್ತುತ್ತದೆ.

10. ಇಟ್ಟದ್ದು, ಖರ್ಚು

36 ಕ್ಯಾಸೆಟ್, 44 ತಾಸು, 91 ಜಿಬಿ. ಎರಡು ಹಾರ್ಡ್‌ಡಿಸ್ಕಿಗೆ 9,000. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಬೆಳಗಾವಿಯಲ್ಲಿ ತಂಗಿಯ ಮನೆಯಲ್ಲಿ, ಮೂರನೇ ಪ್ರತಿ ಲ್ಯಾಪ್‌ಟಾಪಿನಲ್ಲಿ. ಪ್ರತಿ ಫೈಲಿಗೂ ಅದರ ಬೆರಳಚ್ಚಿನಂಥ ಎಂಡಿ5 ಅಂಕಿ ತೆಗೆದು ಪಟ್ಟಿ ಮಾಡಿದ್ದೇನೆ. ಆರು ತಿಂಗಳಿಗೊಮ್ಮೆ ಮತ್ತೆ ತೆಗೆದು ಹೋಲಿಸಿದರೆ ಯಾವ ಪ್ರತಿ ಕೆಟ್ಟಿದೆ ಗೊತ್ತಾಗುತ್ತದೆ. ಕ್ಯಾಸೆಟ್ಟುಗಳನ್ನು ಎಸೆದಿಲ್ಲ, ಅಟ್ಟಕ್ಕೂ ಏರಿಸಿಲ್ಲ. ಮಲಗುವ ಕೋಣೆಯ ಕಪಾಟಿನಲ್ಲಿ ನಿಲ್ಲಿಸಿ ಇಟ್ಟಿದ್ದೇನೆ. ಮಾಸ್ಕಿನ 200 ಸೇರಿ ಒಟ್ಟು ಖರ್ಚು 28,500 ರೂಪಾಯಿ.

11. ಬಾಕಿ

23ನೇ ಕ್ಯಾಸೆಟ್ ಸಿಲಿಕಾ ಜೆಲ್ಲಿನ ಡಬ್ಬಿಯಲ್ಲಿದೆ. ಬೆರಳಿನಿಂದ ಚಕ್ರ ತಿರುಗಿಸಿದರೆ ಎರಡು ಸುತ್ತು ಬಂದು ಬಿಗಿಯುತ್ತದೆ. ಎಳೆದರೆ ಕಂದು ಲೇಪ ಕಿತ್ತು ಪಕ್ಕದ ಸುತ್ತಿಗೆ ಹೋಗುತ್ತದೆ, ಹಾಗಾಗಿ ನಾನು ಮುಟ್ಟುವುದಿಲ್ಲ. ತಿಳಿದವರ ಕೈಗೇ ಕೊಡಬೇಕು.

ಸ್ಪೂಲು ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ, ಮೂಸಿದರೆ ವಿನೆಗರ್ ವಾಸನೆ. ಅಸಿಟೇಟ್ ಟೇಪು ಕೆಡುವಾಗ ಬರುವ ವಾಸನೆ ಅದು, ಪಕ್ಕದ ಟೇಪನ್ನೂ ಕೆಡಿಸುತ್ತದೆ. ಬೇರೆ ಕೋಣೆಯಲ್ಲಿ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಸ್ಪೂಲ್ ಯಂತ್ರ ಹುಡುಕುತ್ತಿದ್ದೇನೆ.

ಯಾರ ದನಿ, ಯಾವ ಪಾತ್ರ ಎಂದು ಬರೆಯುವ ಕೆಲಸ ಮಾವನ ಪಡಸಾಲೆಯಲ್ಲಿ ನಡೆದಿದೆ. ಅವರು ಒಂದು ಸಲಕ್ಕೆ ಅರ್ಧ ತಾಸು ಕೇಳುತ್ತಾರೆ, ಆಮೇಲೆ ದಣಿಯುತ್ತಾರೆ. 14 ಮುಗಿದಿವೆ. 19ರ ಬಿ ಬಾಜುವಿನ ಕೊನೆಗೆ, ಆಟ ಮುಗಿದು ಪೇಟಿ ಮುಚ್ಚಿದ ಸದ್ದಾದ ಮೇಲೆ, ಒಬ್ಬ ಹೆಣ್ಣುಮಗಳು ಹತ್ತಿರದಲ್ಲೇ ಜೋಗುಳ ಹಾಡುತ್ತಾಳೆ, ಐವತ್ತು ಸೆಕೆಂಡ್. ಮಗು ಅಳುವುದೂ ಕೇಳುತ್ತದೆ. ಮಾವನಿಗೆ ಆ ದನಿಯ ಗುರುತು ಹತ್ತಲಿಲ್ಲ. ಹೆಸರಿನ ಕಾಲಮ್ ಖಾಲಿ ಬಿಟ್ಟಿದ್ದೇನೆ. ಬರುವ ರವಿವಾರ ಮುಧೋಳಕ್ಕೆ ಹೋಗಿ ದೊಡ್ಡವ್ವನಿಗೆ ಕೇಳಿಸಬೇಕು.